ಮಾರಣ್ಣನ ಬಾಯಿ

ಕಂಪ್ಯೂಟರ್ ರಿಪೇರಿ ಮಾಡುವವರಲ್ಲಿ ಎರಡು ಥರದವರಿದ್ದಾರೆ. ತಪ್ಪು ಮಾಡಿ ಒಪ್ಪಿಕೊಳ್ಳುವವರು ಒಂದು, ತಪ್ಪು ಮಾಡಿ "ವೈರಸ್ ಬಂದಿತ್ತು" ಅನ್ನುವವರು ಇನ್ನೊಂದು. ನಾನು ಮೊದಲಿನಿಂದಲೂ ಎರಡನೆಯ ಗುಂಪಿನವನು. ಪಾಪದ ವೈರಸ್ಸು, ಅದು ಮಾಡದ ಅಪರಾಧಗಳನ್ನೆಲ್ಲ ನಾನು ಅದರ ತಲೆಗೆ ಕಟ್ಟಿದ್ದೇನೆ. ಆದರೆ ೨೦೦೪ರಲ್ಲಿ, ಮಹಾಲಯ ಅಮಾವಾಸ್ಯೆಗೆ ಒಂಬತ್ತು ದಿನ ಇರುವಾಗ ಮಾಡಿದ ತಪ್ಪನ್ನು ಮಾತ್ರ ಯಾರ ತಲೆಗೂ ಕಟ್ಟಲಾಗಲಿಲ್ಲ.

ನನ್ನ ಅಂಗಡಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿತ್ತು. ಮುಂದೆ ಒಂದು ಕೋಣೆ, ಹಿಂದೆ ಒಂದು ಕೋಣೆ. ಮುಂದಿನದರಲ್ಲಿ ಕಂಪ್ಯೂಟರ್, ಸ್ಕ್ಯಾನರ್, ಬಣ್ಣದ ಪ್ರಿಂಟರ್. ಹಿಂದಿನದರಲ್ಲಿ ಒಂದು ಚಾಪೆ, ಹಗ್ಗದ ಮೇಲೆ ಮೂರು ಅಂಗಿ, ಮತ್ತೆ ನಾನು. ಶೇಂಗಾ ಹಿಂಡಿಯ ವಾಸನೆ ಎರಡೂ ಕೋಣೆಗೆ ಸಮನಾಗಿ ಬರುತ್ತಿತ್ತು. ಮದುವೆ ಕಾರ್ಡು, ತಿಥಿ ಕಾರ್ಡು, ಗೃಹಪ್ರವೇಶ, ಬಯೋಡೇಟಾ, ಎಲ್ಲ ಅಲ್ಲೇ ತಯಾರಾಗುತ್ತಿದ್ದವು. ಜನ ಬಂದು ತಮ್ಮ ಮನೆಯ ಸುಖ ದುಃಖ ಹೇಳಿ ಟೈಪ್ ಮಾಡಿಸಿಕೊಂಡು ಹೋಗುತ್ತಿದ್ದರು. ನಾಲ್ಕು ವರ್ಷದಲ್ಲಿ ಮುನ್ನೂರು ಮದುವೆ ಕಾರ್ಡು ಮಾಡಿದ್ದೆ. ಒಬ್ಬರೂ ನನ್ನನ್ನು ಮದುವೆಗೆ ಕರೆಯಲಿಲ್ಲ. ಕಾರ್ಡು ನಾನೇ ಮಾಡಿದ್ದರಿಂದ ಇವನಿಗೆ ಗೊತ್ತೇ ಇದೆ ಎಂದುಕೊಂಡರೋ ಏನೋ.

ಅವ್ವ ಸತ್ತು ಆಗಲೇ ಎಂಟು ವರ್ಷವಾಗಿತ್ತು. ತಂಗಿ ಮಾಲತಿಯನ್ನು ರಾಂಪುರಕ್ಕೆ ಕೊಟ್ಟಿತ್ತು. ಅಲ್ಲಿಗೆ ಹೋದರೆ ಅವಳ ಗಂಡ ನನ್ನ ಮುಖ ನೋಡುವ ಮೊದಲು ಕೆಟ್ಟ ಟಿವಿಯ ಕಡೆ ಕೈ ತೋರಿಸುತ್ತಿದ್ದ. ಊಟ ಬಸ್‌ಸ್ಟ್ಯಾಂಡ್ ಪಕ್ಕದ ಮೆಸ್ಸಿನಲ್ಲಿ. ಅಲ್ಲಿ ಬಡಿಸುವ ಮುದ್ದಪ್ಪ "ಅನ್ನ ಬೇಕಾ ಸಾಕಾ" ಎಂದು ಕೇಳುವುದೇ ಇಡೀ ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಕೇಳುವ ಪ್ರಶ್ನೆ. ಅವನೂ ತಟ್ಟೆ ನೋಡಿ ಕೇಳುತ್ತಿದ್ದನೇ ಹೊರತು ನನ್ನನ್ನು ನೋಡಿ ಅಲ್ಲ. ನನಗೆ ಇದು ಅಭ್ಯಾಸವಾಗಿತ್ತು ಎಂದು ಹೇಳಬಹುದು, ಆದರೆ ಸುಳ್ಳು. ಅಭ್ಯಾಸವಾಗಿರಲಿಲ್ಲ.

ಹೀಗಿರುವಾಗ ವರ್ಷಕ್ಕೊಮ್ಮೆ ಹುಚ್ಚಕ್ಕ ಬರುತ್ತಿದ್ದಳು.

ಮೊದಲ ಸಲ ಬಂದದ್ದು ಅಂಗಡಿ ಹಾಕಿದ ವರ್ಷವೇ. ನನ್ನಿವಾಳದ ಕಡೆಯವಳು, ಕುರಿ ಕಾಯುವ ಮನೆತನ. ಸೆರಗಿನ ತುದಿ ಬಿಚ್ಚಿ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆದು ಕೀಬೋರ್ಡಿನ ಮೇಲೇ ಇಟ್ಟಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗ. ಅಗಲ ಹಣೆ, ತೆಳು ಮೀಸೆ, ನಕ್ಕರೆ ಫೋಟೊ ಕೆಡುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಕಷ್ಟಪಟ್ಟು ತಡೆದ ನಗು.

"ನನ್ನ ಮಗ ಮಾರಣ್ಣ. ಬಳ್ಳಾರಿ ರೋಡ್‌ನಾಗೆ ಮಂದೆ ದಾಟಿಸೋವಾಗ ಲಾರಿ ಬಂತು. ಕುರಿ ಎಲ್ಲ ದಾಟಿದ್ವು" ಅಂದಳು. "ಇದ್ನ ದೊಡ್ಡದು ಮಾಡ್ಕೊಡಪ್ಪ. ಹಿರೇರ ಹಬ್ಬಕ್ಕೆ ಎಡೆ ಇಡ್ಬೇಕು. ಇಷ್ಟು ಸಣ್ಣ ಬಾಯಿಗೆ ಹೆಂಗೆ ಉಣ್ಸಲಿ?"

ಸ್ಕ್ಯಾನ್ ಮಾಡಿ, ದೊಡ್ಡದು ಮಾಡಿ, ಪ್ರಿಂಟ್ ತೆಗೆದುಕೊಟ್ಟೆ. ಫೋಟೊ ಕಂಪ್ಯೂಟರಿನಲ್ಲಿ ಉಳಿಯಿತು. ಸಣ್ಣ ಫೋಟೊವನ್ನು ಅವಳು ಮಗನನ್ನು ಹೂತ ಗುಡ್ಡೆಯ ಮಣ್ಣು ಕೆದಕಿ ಒಳಗೆ ಇಟ್ಟು ಬಂದಳಂತೆ. ಅವನ ಸಾಮಾನು ಅವನ ಹತ್ತಿರವೇ ಇರಲಿ ಎಂದು. ಅದನ್ನು ತೆಗೆದ ಸ್ಟುಡಿಯೊ ಅಷ್ಟರಲ್ಲೇ ಮುಚ್ಚಿ ಬೇಕರಿಯಾಗಿತ್ತು. ಹಾಗಾಗಿ ಈ ಭೂಮಿಯ ಮೇಲೆ ಮಾರಣ್ಣನ ಮುಖ ಇದ್ದದ್ದು ಎರಡೇ ಕಡೆ: ಹುಚ್ಚಕ್ಕನ ಮನೆಯ ಪ್ರಿಂಟಿನಲ್ಲಿ ಮತ್ತು ನನ್ನ ಕಂಪ್ಯೂಟರಿನ ಡಿ ಡ್ರೈವಿನಲ್ಲಿ.

ಮರುವರ್ಷ ಅದೇ ಹಬ್ಬಕ್ಕೆ, ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಬಂದಳು. ಸುರುಳಿ ಸುತ್ತಿದ ಹಳೆಯ ಪ್ರಿಂಟನ್ನು ನನ್ನ ಮುಂದೆ ಬಿಚ್ಚಿದಳು. ನಾನು ಹೌಹಾರಿದೆ. ಕಣ್ಣು ಕದಡಿಹೋಗಿತ್ತು, ಹಣೆಯ ಬಣ್ಣ ಕೆನ್ನೆಗೆ ಇಳಿದಿತ್ತು, ಬಾಯಿ ಇದ್ದ ಕಡೆ ಬರೀ ಬಿಳಿ ಕಾಗದ.

"ಏನು ಮಾಡಿದ್ರಿ ಯಕ್ಕಾ ಇದನ್ನ?"

"ಮೈ ತೊಳೆಸ್ದೆ. ಎಡೆ ಮುಂದೆ ಕೂರ್ಸೋರಿಗೆ ಮೈ ತೊಳೆಸ್ಬೇಡ್ವೇನಪ್ಪ? ಆಮೇಲೆ ಉಣ್ಸಿದೆ."

ಉಣ್ಣಿಸಿದ್ದು ಎಂದರೆ ನಿಜವಾಗಿಯೂ ಉಣ್ಣಿಸಿದ್ದು. ಹೋಳಿಗೆ ಮುರಿದು ತುಪ್ಪ ಸವರಿ ಫೋಟೊದ ಬಾಯಿಗೆ ಮುಟ್ಟಿಸಿ, ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತು ಮುಟ್ಟಿಸಿ, ನೀರು ಮುಟ್ಟಿಸಿ, ಸೆರಗಿನಿಂದ ಬಾಯಿ ಒರೆಸಿದ್ದಾಳೆ. ನನ್ನ ಪ್ರಿಂಟರಿನ ಇಂಕು ಒಂದು ಹನಿ ಬೆವರು ತಾಕಿದರೂ ಇಳಿಯುವಂಥದ್ದು. ಮೊದಲು ಹೋದದ್ದು ಬಾಯಿ.

"ಲ್ಯಾಮಿನೇಷನ್ ಮಾಡ್ಕೊಡ್ತೀನಿ. ಪ್ಲಾಸ್ಟಿಕ್ ಹಾಕಿದ್ರೆ ಎಷ್ಟು ತೊಳೆದ್ರೂ ಏನೂ ಆಗಲ್ಲ" ಅಂದೆ.

ಹುಚ್ಚಕ್ಕ ನನ್ನನ್ನು ಬುದ್ಧಿ ಇಲ್ಲದವನನ್ನು ನೋಡಿದಂತೆ ನೋಡಿದಳು. "ಮುಖಕ್ಕೆ ಪ್ಲಾಸ್ಟಿಕ್ ಸುತ್ತಿದ್ರೆ ಹೆಂಗಪ್ಪ ಉಣ್ತಾನೆ? ನಿನಗೆ ಸುತ್ತಿದ್ರೆ ಉಣ್ತೀಯಾ?"

ಹೊಸ ಪ್ರಿಂಟ್ ಕೊಟ್ಟೆ. ಹಳೆಯದನ್ನು ಅವಳು ನನ್ನ ಬಳಿಯೇ ಬಿಟ್ಟಳು, "ಕಸಕ್ಕೆ ಹಾಕ್ಬೇಡ" ಅಂದು. ಮೇಜಿನ ಡ್ರಾಯರಿಗೆ ಹಾಕಿದೆ. ಅಂದಿನಿಂದ ಇದೇ ಪದ್ಧತಿಯಾಯಿತು. ಬಂದಾಗಲೆಲ್ಲ ಒಂದು ಹಿಡಿ ಹುರಿದ ಶೇಂಗಾ ಮೇಜಿನ ಮೇಲೆ ಸುರಿದು, ಪ್ರಿಂಟರಿನಿಂದ ಮಗನ ಹಣೆ, ಹುಬ್ಬು, ಕಣ್ಣು, ಮೂಗು ಗೆರೆ ಗೆರೆಯಾಗಿ ಹೊರಗೆ ಬರುವುದನ್ನು ನಿಂತು ನೋಡುತ್ತಿದ್ದಳು. ಬಾಯಿ ಬಂದ ಮೇಲೆ ನಿಟ್ಟುಸಿರು ಬಿಡುತ್ತಿದ್ದಳು. "ನೀನು ಉಂಡ್ಯೇನಪ್ಪ?" ಎಂದು ಹೋಗುವಾಗ ಕೇಳುತ್ತಿದ್ದಳು. ನಾನು ಉಂಡಿರಲಿ ಬಿಡಲಿ, "ಆಯ್ತು ಯಕ್ಕಾ" ಅನ್ನುತ್ತಿದ್ದೆ. ಆ ಒಂದು ಪ್ರಶ್ನೆಗೋಸ್ಕರ ನಾನು ಕ್ಯಾಲೆಂಡರಿನಲ್ಲಿ ಆ ಅಮಾವಾಸ್ಯೆಯನ್ನು ಹುಡುಕಿ ಇಟ್ಟುಕೊಳ್ಳುತ್ತಿದ್ದೆ ಎಂದರೆ ನಗುತ್ತೀರಿ. ನಗಿ.

ಇನ್ನು ನನ್ನ ತಪ್ಪಿನ ಕತೆ.

ನನ್ನ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ೯೮. ದಿನಕ್ಕೆ ಮೂರು ಸಲ ನೀಲಿ ಪರದೆ ತೋರಿಸಿ ಕೈಕಾಲು ಬಿಡುತ್ತಿತ್ತು. ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಲಿನಕ್ಸ್ ಎಂಬ ಹೊಸ ವ್ಯವಸ್ಥೆಯ ಸಿಡಿ ಪುಕ್ಕಟೆ ಬಂದಿತ್ತು. ಹ್ಯಾಂಗ್ ಆಗುವುದಿಲ್ಲ, ವೈರಸ್ ಬರುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ವೈರಸ್ಸೇ ಬರದಿದ್ದರೆ ನಾನು ಯಾರ ಮೇಲೆ ಹೇಳಲಿ ಎಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಅಂದು ಒಂದು ಮದುವೆ ಕಾರ್ಡು ಮುಗಿಯುವ ಹೊತ್ತಿಗೆ ಸರಿಯಾಗಿ ನೀಲಿ ಪರದೆ ಬಂತು. ಸಿಟ್ಟು ನೆತ್ತಿಗೇರಿತು. ಸಿಡಿ ಹಾಕಿದೆ.

ಹಾರ್ಡ್ ಡಿಸ್ಕ್ ಒಂದೇ ಆದರೂ ನಾವು ಅದನ್ನು ಎರಡು ಭಾಗ, ಅಂದರೆ ಪಾರ್ಟಿಷನ್, ಮಾಡಿಕೊಂಡಿರುತ್ತೇವೆ. ಸಿ ಡ್ರೈವಿನಲ್ಲಿ ವಿಂಡೋಸ್, ಡಿ ಡ್ರೈವಿನಲ್ಲಿ ನಮ್ಮ ಕೆಲಸ. ವಿಂಡೋಸ್ ಕೆಟ್ಟರೆ ಸಿ ಅಳಿಸು, ಡಿ ಮುಟ್ಟಬೇಡ. ಈ ಒಂದು ಮಂತ್ರದಿಂದ ನಾನು ಎಷ್ಟೋ ಕಂಪ್ಯೂಟರ್ ಬದುಕಿಸಿದ್ದೆ. ಆದರೆ ಲಿನಕ್ಸಿಗೆ ಸಿ, ಡಿ ಎಂಬ ಹೆಸರುಗಳೇ ಗೊತ್ತಿಲ್ಲ. ಅದು "ಎಚ್‌ಡಿಎ ಮೇಲಿನ ಎಲ್ಲ ಪಾರ್ಟಿಷನ್ ತೆಗೆಯಲೇ?" ಎಂದು ಕೇಳಿತು. ಎಚ್‌ಡಿಎ ಎಂದರೆ ಸಿ ಇರಬೇಕು, ಹಾಗಾದರೆ ಡಿ ಎಂದರೆ ಎಚ್‌ಡಿಬಿ ಎಂದು ನಾನು ಲೆಕ್ಕ ಹಾಕಿದೆ. ಕೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದವನಿಗೆ ತನ್ನ ಲೆಕ್ಕವೇ ಸರಿ ಅನ್ನಿಸುತ್ತದೆ. ಹೂಂ ಎಂದು ಒತ್ತಿದೆ.

ಎಚ್‌ಡಿಎ ಎಂದರೆ ಇಡೀ ಡಿಸ್ಕು.

ಅರ್ಧ ಗಂಟೆಯ ಮೇಲೆ ಚೆಂದದ ಹೊಸ ಪರದೆ ಬಂತು. ಹುಡುಕಿದೆ. ಡಿ ಇರಲಿಲ್ಲ. ನನ್ನ ಕನ್ನಡ ಅಕ್ಷರದ ಸಾಫ್ಟ್‌ವೇರೂ ಅದರಲ್ಲಿ ನಡೆಯಲಿಲ್ಲ. ಮದುವೆ ಕಾರ್ಡಿನವನು ಬಾಗಿಲಲ್ಲಿ ನಿಂತಿದ್ದ. ಆಗ ಇನ್ನೊಂದು ತಪ್ಪು ಮಾಡಿದೆ, ಅದು ಮೊದಲನೆಯದಕ್ಕಿಂತ ದೊಡ್ಡದು. ಗಾಬರಿಯಲ್ಲಿ ಲಿನಕ್ಸ್ ಕಿತ್ತು, ಡಿಸ್ಕನ್ನು ಮತ್ತೆ ಎರಡು ಭಾಗ ಮಾಡಿ, ಫಾರ್ಮ್ಯಾಟ್ ಮಾಡಿ, ವಿಂಡೋಸ್ ೯೮ನ್ನೇ ವಾಪಸ್ ಹಾಕಿದೆ. ಹಳೆಯ ಹೆಸರು ಕೊಟ್ಟರೆ ಹಳೆಯ ಡಿ ಬರುತ್ತದೆ ಎಂಬ ಪೆದ್ದ ಆಸೆ. ಡಿ ಬಂತು. ಖಾಲಿ.

ಕಾರ್ಡಿನವನಿಗೆ "ವೈರಸ್" ಅಂದೆ. ಅವನು ನಂಬಿದ, ಬೈದ, ಹೋದ. ನಾಲ್ಕು ವರ್ಷದ ಕಾರ್ಡುಗಳು ಹೋಗಿದ್ದವು. ಅದರ ಬಗ್ಗೆ ನನಗೆ ಅಂಥ ದುಃಖವೇನೂ ಆಗಲಿಲ್ಲ. ಆಗಿಹೋದ ಮದುವೆಯ ಕಾರ್ಡು ಯಾರಿಗೆ ಬೇಕು? ಒಂದು ಗ್ಲಾಸ್ ನೀರು ಕುಡಿಯಲು ಎದ್ದವನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಮಾವಾಸ್ಯೆಯ ಸುತ್ತ ನಾನೇ ಹಾಕಿದ ಕೆಂಪು ಸುತ್ತು.

ಡ್ರಾಯರ್ ಎಳೆದು ಹಳೆಯ ಮೂರು ಪ್ರಿಂಟ್ ಮೇಜಿನ ಮೇಲೆ ಹರಡಿದೆ. ಮೂರರಲ್ಲೂ ಕದಡಿದ ಕಣ್ಣು, ಮೂರರಲ್ಲೂ ಬಾಯಿ ಇಲ್ಲ. ಎಷ್ಟು ಅಕ್ಕರೆಯಿಂದ ಉಣ್ಣಿಸಿದ್ದಳೋ ಅಷ್ಟು ಚೊಕ್ಕವಾಗಿ ಒರೆಸಿಹೋಗಿತ್ತು. ನಾಲ್ಕನೆಯದು ಅವಳ ಮನೆಯಲ್ಲಿತ್ತು, ಅದರ ಗತಿಯೂ ಇದೇ. ಒಬ್ಬ ತಾಯಿಯ ಮಗನನ್ನು ಲಾರಿ ಒಂದು ಸಲ ಕೊಂದಿತ್ತು. ಈಗ ನಾನು ಇನ್ನೊಂದು ಸಲ ಕೊಂದೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಅಂಗಡಿ ಮುಚ್ಚಿ, ಹಾರ್ಡ್ ಡಿಸ್ಕ್ ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ, ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಲ್ಲಿ ಮಹಾಂತೇಶ ಇದ್ದ. ನಾವಿಬ್ಬರೂ ಒಂದೇ ಕಂಪ್ಯೂಟರ್ ಕೋರ್ಸ್ ಓದಿದವರು. ಅವನು ರೇಷ್ಮೆ ಸೀರೆಯ ಅಂಚಿನ ನಮೂನೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದ. ಡಿಸ್ಕಿನ ವಿಷಯದಲ್ಲಿ ನನಗಿಂತ ಎರಡು ಪಟ್ಟು ಬಲ್ಲವನು, ಅದನ್ನು ಮೂರು ಪಟ್ಟು ಹೇಳಿಕೊಳ್ಳುವವನು. ಬಸ್ಸಿನಲ್ಲಿ ಡಿಸ್ಕನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತವನು "ಏನಣ್ಣ, ಮಿಠಾಯಿನಾ?" ಅಂದ. ಅಲ್ಲ ಅಂದೆ. ಅದರೊಳಗೆ ಒಬ್ಬ ಮನುಷ್ಯ ಇದ್ದಾನೆ, ಇನ್ನೂ ಇದ್ದಾನೋ ಇಲ್ಲವೋ ಗೊತ್ತಿಲ್ಲ ಎಂದು ಯಾರಿಗೆ ಹೇಳುವುದು.

ಮಹಾಂತೇಶ ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಚಚ್ಚಿಕೊಂಡ. ಒಳಗೆ ಮಗ್ಗದ ಸದ್ದು ಒಂದೇ ಸಮ ಬರುತ್ತಿತ್ತು.

"ಲೇ ಪಾಲಾಕ್ಷ, ಪಾರ್ಟಿಷನ್ ಹೋಯ್ತು ಅಂದ್ರೆ ಹೊಲದ ಬಾಂದುಕಲ್ಲು ಕಿತ್ತಂಗೆ ಕಣೋ. ಕಲ್ಲು ಕಿತ್ರೂ ಬೆಳೆ ಹೊಲದಾಗೇ ನಿಂತಿರ್ತೈತೆ. ಕಲ್ಲು ನೆಟ್ಟಿದ್ರೆ ಮುಗೀತಿತ್ತು. ನೀನು ಅದರ ಮೇಲೆ ಎರಡು ಸಲ ನೇಗಿಲು ಹೊಡ್ದೀಯಲ್ಲೋ!"

"ಬೈಯೋದು ಆಮೇಲೆ ಬೈ. ಈಗ ನೋಡು."

"ನೋಡ್ತೀನಿ. ಉಳಿದಿದ್ದು ಉಳಿದಂಗೆ."

ನನ್ನ ಡಿಸ್ಕನ್ನು ಅವನ ಕಂಪ್ಯೂಟರಿಗೆ ಎರಡನೆಯದಾಗಿ ಜೋಡಿಸಿದ. ಅಳಿದುಹೋದ ಫೈಲುಗಳನ್ನು ಹುಡುಕುವ ಒಂದು ಸಾಫ್ಟ್‌ವೇರ್ ಇತ್ತು ಅವನ ಬಳಿ. ಅದು ಡಿಸ್ಕನ್ನು ಮೊದಲಿಂದ ಕೊನೆಯವರೆಗೆ ಇಂಚಿಂಚು ಓದುತ್ತದೆ. ಓದಲು ಶುರುಮಾಡಿ ಒಂದು ಗಂಟೆಗೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿಂದ. ಮಧ್ಯಾಹ್ನ ಅವನ ತಾಯಿ ಬಾಗಿಲಿಗೆ ಬಂದು ತೆಲುಗಿನಲ್ಲಿ "ಅನ್ನಂ ತಿಂಟಾವಾ ನಾಯನಾ?" ಎಂದು ಕೇಳಿದರು. ಹಸಿವಾಗಿತ್ತು. ಆದರೂ "ಬೇಡಮ್ಮ, ಉಂಡು ಬಂದೀನಿ" ಅಂದೆ. ಯಾರಾದರೂ ಊಟಕ್ಕೆ ಕರೆದರೆ ನನ್ನ ಬಾಯಿಗೆ ಅದೊಂದೇ ಮಾತು ಬರುತ್ತದೆ. ಯಾಕೆಂದು ನನಗೂ ತಿಳಿಯದು. ಬೇಡ ಅಂದ ಮೇಲೆ ಅವರು ಇನ್ನೊಂದು ಸಲ ಕರೆಯಲಿ ಎಂದು ಕಾಯುತ್ತೇನೆ. ಅವರು ಕರೆಯಲಿಲ್ಲ.

ಮೂರು ಗಂಟೆಗೆ ಫೈಲುಗಳು ಸಿಗತೊಡಗಿದವು. ಹೆಸರು ಒಂದಕ್ಕೂ ಇರಲಿಲ್ಲ, ಬರೀ ನಂಬರ್. ಒಂದೊಂದೇ ತೆರೆದು ನೋಡಬೇಕು. ನಾಲ್ಕು ವರ್ಷ ನನ್ನ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿ ಎದ್ದು ಹೋದವರೆಲ್ಲ ಬಂದರು. ಮದುಮಕ್ಕಳು, ತಿಥಿಯ ಅಜ್ಜಂದಿರು, ಕಾಣೆಯಾದ ಮುದುಕರು. ಕೆಲವರು ಪೂರ್ತಿ ಸಿಕ್ಕಿದರು, ಕೆಲವರು ಅರ್ಧ. ಅರ್ಧ ಸಿಕ್ಕವರಿಗೆ ಮೇಲಿನ ಭಾಗ ಸರಿಯಾಗಿದ್ದು, ಕೆಳಗೆ ಬೂದು ಬಣ್ಣದ ಪಟ್ಟಿ. ಇವರಲ್ಲಿ ಒಬ್ಬರ ಮನೆಯ ದಾರಿಯೂ ನನಗೆ ಗೊತ್ತಿಲ್ಲವಲ್ಲ ಅನ್ನಿಸಿತು.

ನಾನೂರ ಹದಿನೇಳನೆಯ ಫೈಲು ತೆರೆದಾಗ ಅಗಲವಾದ ಹಣೆ ಕಾಣಿಸಿತು. "ಇವನೇ!" ಎಂದು ಕೂಗಿದೆ. ಹುಬ್ಬು ಬಂತು. ಕಣ್ಣು ಬಂತು, ನಗು ತಡೆದ ಅದೇ ಕಣ್ಣು. ಮೂಗು ಬಂತು. ಮೂಗಿನ ಕೆಳಗೆ ಬೂದಿ ಬಣ್ಣ ಶುರುವಾಗಿ ಕೊನೆಯವರೆಗೆ ಬೂದಿಯೇ.

ಮಹಾಂತೇಶ ಎರಡು ಸಲ ಪ್ರಯತ್ನಿಸಿದ. "ಇಷ್ಟೇ ಕಣೋ. ಮೂಗಿನ ತನಕ ಸಿಕ್ಕವ್ನೆ. ಉಳಿದಿದ್ದರ ಮೇಲೆ ನೀನು ಹಾಕಿದ್ದು ಕುಂತೈತೆ" ಅಂದ. ನನ್ನ ಮುಖ ನೋಡಿ ಮೆತ್ತಗಾದ. "ಅದಕ್ಕ್ಯಾಕೆ ಅಷ್ಟು ಚಿಂತೆ? ಯಾವನದಾದ್ರೂ ಒಂದು ಬಾಯಿ ಕತ್ತರಿಸಿ ಅಂಟಿಸು. ಆ ಯಮ್ಮಂಗೆ ಏನು ಗೊತ್ತಾಗ್ತೈತೆ?"

ಸಿಕ್ಕದ್ದನ್ನೆಲ್ಲ ಒಂದು ಸಿಡಿಗೆ ಹಾಕಿಕೊಟ್ಟ. ಅದನ್ನು ಹಿಡಿದು ವಾಪಸ್ ಬಂದೆ. ದಾರಿಯುದ್ದಕ್ಕೂ ಒಂದೇ ನಿರ್ಧಾರ: ನಿಜ ಹೇಳಿಬಿಡುತ್ತೇನೆ. ತಪ್ಪಾಯ್ತು ಯಕ್ಕಾ, ನಿನ್ನ ಮಗನ ಬಾಯಿ ನನ್ನಿಂದ ಹೋಯ್ತು ಅನ್ನುತ್ತೇನೆ. ಚಳ್ಳಕೆರೆ ಹತ್ತಿರವಾದಂತೆ ನಿರ್ಧಾರ ಸಣ್ಣದಾಗುತ್ತ ಬಂತು. ನಿಜ ಹೇಳಿದರೆ ಅವಳು ಮತ್ತೆ ನನ್ನ ಅಂಗಡಿಗೆ ಯಾಕೆ ಬರುತ್ತಾಳೆ? ವರ್ಷಕ್ಕೊಂದು ಸಲ ಉಂಡೆಯಾ ಎಂದು ಕೇಳುವವಳು ಅವಳೊಬ್ಬಳು. ಬಸ್ಸಿಳಿಯುವ ಹೊತ್ತಿಗೆ ಮಹಾಂತೇಶನ ಮಾತೇ ಸರಿ ಅನ್ನಿಸಿತ್ತು. ನಾನು ಹೇಡಿ ಎಂದು ನನಗೆ ಚೆನ್ನಾಗಿ ಗೊತ್ತು.

ಯಾರ ಬಾಯಿ ಅಂಟಿಸುವುದು? ಸಿಡಿಯಲ್ಲಿದ್ದ ಹುಡುಗರ ಬಾಯಿಗಳನ್ನು ಒಂದೊಂದಾಗಿ ಇಟ್ಟು ನೋಡಿದೆ. ಸತ್ತವರದ್ದು ಇಟ್ಟರೆ ಯಾರದೋ ಮನೆಯ ಹಿರಿಯನನ್ನು ಕರೆತಂದು ಇವಳ ಎಡೆಗೆ ಕೂರಿಸಿದಂತೆ. ಬದುಕಿರುವವರದ್ದು ಇಟ್ಟರೆ ಇನ್ನೂ ಅಪಶಕುನ. ಜೀವಂತ ಇರುವವನ ಬಾಯಿಯನ್ನು ಸತ್ತವನ ಎಡೆಗೆ ಇಡಲು ಯಾವ ತಾಯಿ ಒಪ್ಪುತ್ತಾಳೆ? ಕೇಳದೆ ಇಡಬಹುದಾದ ಬಾಯಿ ಒಂದೇ ಇತ್ತು. ಅದಕ್ಕೆ ಏನಾದರೂ ಆದರೆ ಕೇಳುವವರೂ ಯಾರೂ ಇರಲಿಲ್ಲ.

ಗ್ಯಾಸ್ ಕನೆಕ್ಷನ್ನಿಗೆಂದು ತೆಗೆಸಿದ ನನ್ನ ಫೋಟೊ ಸ್ಕ್ಯಾನ್ ಮಾಡಿ, ಬಾಯಿ ಗಲ್ಲ ಕತ್ತರಿಸಿ, ಅವನ ಮೂಗಿನ ಕೆಳಗೆ ಕೂರಿಸಿದೆ. ಬಣ್ಣ ಹೊಂದಿಸಿದೆ, ಮೀಸೆ ತೆಳು ಮಾಡಿದೆ. ಎರಡು ದಿನ ಅದೇ ಕೆಲಸ. ಕೊನೆಗೆ ಅಪರಿಚಿತರು ನೋಡಿದರೆ ಗೊತ್ತಾಗದಷ್ಟು ಚೆನ್ನಾಗಿ ಕೂತಿತು. ನನಗೆ ಮಾತ್ರ ನೋಡಿದಾಗಲೆಲ್ಲ ಮೈ ಜುಂ ಎನ್ನುತ್ತಿತ್ತು.

ಅಮಾವಾಸ್ಯೆಯ ಹಿಂದಿನ ದಿನ ಹುಚ್ಚಕ್ಕ ಬಂದಳು. ಶೇಂಗಾ ಸುರಿದಳು. ಹಳೆಯ ಪ್ರಿಂಟ್ ಕೊಟ್ಟಳು, ಬಾಯಿ ಇರಲಿಲ್ಲ. ಪ್ರಿಂಟರ್ ಶುರುವಾಯಿತು. ಹಣೆ ಬಂತು, ಕಣ್ಣು ಬಂತು, ಮೂಗು ಬಂತು. ನಾನು ಗೋಡೆಯ ಕಡೆ ತಿರುಗಿಕೊಂಡೆ. ನಿಟ್ಟುಸಿರು ಕೇಳಿಸಲಿಲ್ಲ.

ಅವಳು ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮತ್ತೆ ಕಾಗದ.

"ಈ ಸಲ ಬಾಯಿ ಬಿಗಿ ಹಿಡ್ಕಂಡವ್ನೆ" ಅಂದಳು. "ಏನೋ ಹೇಳಾಕೆ ಬಂದು ಹೇಳ್ದಂಗೆ."

"ಇಂಕು... ಇಂಕು ಬೇರೆ ಕಂಪನಿದು ಯಕ್ಕಾ."

ಅವಳು ಸುರುಳಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡು ಹೊರಟಳು. ಬಾಗಿಲು ದಾಟಿದಳು. ನಾನು ಉಂಡೆನೋ ಇಲ್ಲವೋ ಕೇಳಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಅಮಾವಾಸ್ಯೆಯ ದಿನ ಓಣಿಯ ಎಲ್ಲ ಮನೆಯಲ್ಲೂ ಎಡೆ. ಮಿಲ್ಲು ನಿಂತಿದ್ದರಿಂದ ಹೋಳಿಗೆಯ ವಾಸನೆ ನೇರ ಹಿಂದಿನ ಕೋಣೆಗೇ ಬಂತು. ಮುದ್ದಪ್ಪ ಮೆಸ್ಸು ಮುಚ್ಚಿ ಊರಿಗೆ ಹೋಗಿದ್ದ. ಎರಡು ಬಾಳೆಹಣ್ಣು, ಒಂದಿಷ್ಟು ಮಂಡಕ್ಕಿ ತಿಂದು ಚಾಪೆಯ ಮೇಲೆ ಬಿದ್ದುಕೊಂಡೆ. ಅವ್ವನಿಗೆ ನಾನು ಎಂದೂ ಎಡೆ ಇಟ್ಟವನಲ್ಲ. ಮಾಲತಿ ಇಡುತ್ತಾಳೆ, ಸಾಕು ಎಂದುಕೊಂಡಿದ್ದೆ. ಈ ಹೊತ್ತಿಗೆ ನನ್ನಿವಾಳದಲ್ಲಿ ನನ್ನ ಬಾಯಿಯನ್ನು ತೊಳೆಯುತ್ತಿರಬಹುದು, ಈಗ ತುತ್ತು ಮುಟ್ಟಿಸಿರಬಹುದು, ಈಗ ಸೆರಗಿನಿಂದ ಒರೆಸಿರಬಹುದು ಎಂದು ಲೆಕ್ಕ ಹಾಕುತ್ತ ಮಲಗಿದ್ದೆ. ಒಬ್ಬ ಸತ್ತವನ ಪಾಲಿನ ತುತ್ತನ್ನು ಕದ್ದ ನಾಚಿಕೆ. ಅದರ ಜೊತೆಗೇ, ಹೇಳಲು ಇನ್ನೂ ನಾಚಿಕೆಯಾಗುತ್ತದೆ, ಕಾಗದದ ಮೇಲಾದರೂ ಯಾರೋ ನನ್ನ ಬಾಯಿಗೆ ತುತ್ತು ಇಡುತ್ತಿದ್ದಾರಲ್ಲ ಎಂಬ ಸಂತೋಷ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲಲ್ಲಿ ಹುಚ್ಚಕ್ಕ ನಿಂತಿದ್ದಳು. ವರ್ಷಕ್ಕೆ ಒಂದೇ ಸಲ ಬರುವವಳು. ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ, ಕಂಕುಳಲ್ಲಿ ಸುರುಳಿ. ಬೈಯಲು ಬಂದಳು ಎಂದುಕೊಂಡೆ. ಬೈದರೂ ಪರವಾಗಿಲ್ಲ, ಬಂದಳಲ್ಲ.

ಸುರುಳಿಯನ್ನು ನನ್ನ ಮುಂದೆ ಬಿಚ್ಚಿದಳು. ಹಣೆಗೆ ನೀರು ಬಿದ್ದಿತ್ತು, ಕಣ್ಣು ಪ್ರತಿವರ್ಷದಂತೆ ಕದಡಿತ್ತು. ಮೂಗಿನ ಕೆಳಗೆ ಒಂದು ಹನಿಯೂ ಸೋಕಿರಲಿಲ್ಲ. ಬಾಯಿ ನಾನು ಪ್ರಿಂಟ್ ತೆಗೆದಾಗ ಹೇಗಿತ್ತೋ ಹಾಗೇ ಇತ್ತು, ಬಿಗಿ ಹಿಡಿದುಕೊಂಡು.

"ತೊಳಿತಾ ತೊಳಿತಾ ಮೂಗಿನ ತನಕ ಬಂದೆ. ಅಲ್ಲಿಂದ ಕೆಳಗೆ ಕೈ ಹೋಗ್ಲಿಲ್ಲ" ಅಂದಳು. "ನಾಕು ವರ್ಸದಿಂದ 'ಆಯ್ತು ಯಕ್ಕಾ, ಉಂಡೆ ಯಕ್ಕಾ' ಅಂತ ಸುಳ್ಳು ಹೇಳೋ ಬಾಯಿ ಅದು. ನನಗೆ ಗೊತ್ತಾಗಲ್ವೇನೋ?"

ವೈರಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. "ನನ್ನ ತಪ್ಪು ಯಕ್ಕಾ. ಕಂಪ್ಯೂಟರ್ ಬದಲಾಯಿಸೋಕೆ ಹೋಗಿ ಎಲ್ಲ ಅಳಿಸಿಬಿಟ್ಟೆ. ಮೂಗಿನ ತನಕ ಮಾತ್ರ ಸಿಕ್ತು. ಅವನ ಬಾಯಿ ಎಲ್ಲೂ ಸಿಗಲಿಲ್ಲ. ಇನ್ನು ಸಿಗೋದೂ ಇಲ್ಲ."

ಹುಚ್ಚಕ್ಕ ಸ್ಟೂಲಿನ ಮೇಲೆ ಕುಳಿತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದುರು ಮಿಲ್ಲಿನ ಗೋಡೆಯನ್ನು ಸುಮಾರು ಹೊತ್ತು ನೋಡುತ್ತ ಕುಳಿತಳು. ಮಗ ಎರಡನೆಯ ಸಲ ಹೋದದ್ದನ್ನು ಅವಳು ಅಲ್ಲೇ ಕೂತು ಅನುಭವಿಸಿದಳು, ನಾನು ನಿಂತು ನೋಡಿದೆ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

"ಎಡೆ ಇಟ್ಟು ಬಾಗ್ಲು ಹಾಕ್ಕಂಡು ಹೊರಗೆ ಕುಂತಿದ್ದೆ" ಅಂದಳು ಆಮೇಲೆ. "ಒಳಗೆ ಅವ್ನು ಉಣ್ತಾನೆ ಅಂತ. ಉಣ್ಣಾಕೆ ಅವ್ನ ಬಾಯಿ ಅಲ್ಲಿಲ್ಲ. ಬಾಯಿ ಇರೋನು ಇಲ್ಲಿ ಹಸ್ಕಂಡು ಬಿದ್ದಿರ್ತಾನೆ. ನಿನ್ನೆ ಏನು ಉಂಡೆ?"

"ಆಯ್ತು ಯಕ್ಕಾ, ಮೆಸ್ಸಲ್ಲಿ..."

"ಹಬ್ಬದ ದಿನ ಯಾವ ಮೆಸ್ಸೋ ತೆಗ್ದಿತ್ತು?"

ಪಾತ್ರೆಯ ಬಟ್ಟೆ ಬಿಚ್ಚಿದಳು. ಎಡೆಗೆ ಇಟ್ಟಿದ್ದ ಮುದ್ದೆ, ಕಾಳಿನ ಸಾರು, ಹೋಳಿಗೆ. ಕೀಬೋರ್ಡನ್ನು ಪಕ್ಕಕ್ಕೆ ತಳ್ಳಿ, ಹಾಳಾದ ಒಂದು ಮದುವೆ ಕಾರ್ಡನ್ನು ಎಲೆಯ ಹಾಗೆ ಹಾಸಿ, ಅದರ ಮೇಲೆ ಹೋಳಿಗೆ ಇಟ್ಟಳು.

"ಇದು ಅವ್ನ ಪಾಲು. ಅವ್ನ ಬಾಯಿ ನೀನು ಕಳ್ದೀಯ, ಈಗ ನೀನೇ ಉಣ್ಬೇಕು."

"ಬೇಡ ಯಕ್ಕಾ" ಅಂದೆ. ಅಭ್ಯಾಸ.

"ಬೇಡ ಅಂದ್ರೆ ಹೊಡಿತೀನಿ."

ಕುಳಿತೆ. ಮುರಿದು ಬಾಯಿಗೆ ಇಟ್ಟೆ. ತಣ್ಣಗಾಗಿತ್ತು, ಅಂಚು ಗಟ್ಟಿಯಾಗಿತ್ತು. ನುಂಗಲು ಸ್ವಲ್ಪ ಹೊತ್ತು ಹಿಡಿಯಿತು, ಅದು ಹೋಳಿಗೆಯ ತಪ್ಪಲ್ಲ. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಹೊಸ ಪ್ರಿಂಟ್ ಪ್ರಿಂಟರಿನಿಂದ ಇಳಿಯುವಾಗ ನೋಡುತ್ತಿದ್ದಳಲ್ಲ, ಹಾಗೆ.

"ಬರೋ ವರ್ಸಕ್ಕೆ ಮೂಗಿನ ತನಕ ಇದ್ದಿದ್ದು ಮಾತ್ರ ತೆಗ್ದುಕೊಡು" ಅಂದಳು. "ನೋಡಾಕೆ ಕಣ್ಣು ಅವ್ನವು ಇದ್ರೆ ಸಾಕು. ಉಣ್ಣಾಕೆ ನೀನು ಮನೆಗೆ ಬಾ. ನನ್ನಿವಾಳದ ಬಸ್ಸು ಎಂಟಕ್ಕೊಂದು ಐತೆ."

ನಾನು ತಲೆಯಾಡಿಸಿದೆ. ಬಾಯಿ ತುಂಬಿತ್ತು. ಎರಡನೆಯ ಹೋಳಿಗೆಯನ್ನು ಅವಳು ಬೇಕಾ ಸಾಕಾ ಎಂದು ಕೇಳದೆಯೇ ಇಟ್ಟಳು.